ಮಳೆಗಾಲದ ಲಿನಕ್ಸ್, ಕೆ.ಪಿ. ರಾಯರ ಕೀಲಿಮಣೆ

ಜೂನ್ ಕಾಲಿಟ್ಟಿತೆಂದರೆ ಗೋಕರ್ಣದ ಓಂ ಬೀಚ್ ಖಾಲಿ. ಎರಡು ಅರ್ಧಚಂದ್ರಗಳ ನಡುವೆ ಬಂಡೆ ಚಾಚಿಕೊಂಡಿರುವ ಆ ದಂಡೆಯಲ್ಲಿ ಅಂಗಡಿಗಳು ತಾಡಪಾಲು ಹೊದ್ದು ಕೂರುತ್ತವೆ, ಕಡಲು ಮೆಟ್ಟಿಲವರೆಗೂ ಬರುತ್ತದೆ. ಮೇಲಿನ ಗುಡ್ಡದಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುವ ನನ್ನ ಗೆಳೆಯನಿಗೆ ಆಗ ಸುಗ್ಗಿ. ಕುಮಟಾ, ಹೊನ್ನಾವರ, ಭಟ್ಕಳದ ಪರಿಚಯಸ್ಥರು ಮೂಲೆಗೆಸೆದ ಲ್ಯಾಪ್‌ಟಾಪುಗಳು ಅವನ ಮೇಜಿಗೆ ಬರುತ್ತವೆ. ಉಪ್ಪುಗಾಳಿಗೆ ಯುಎಸ್‌ಬಿ ಕಿಂಡಿ ತುಕ್ಕು ಹಿಡಿದವು, ಕೀಲು ಬಿಗಿದವು, ಆನ್ ಆಗಲು ಹತ್ತು ನಿಮಿಷ ತೆಗೆದುಕೊಳ್ಳುವವು.

‘ಇದು ಹಾಳಾದದ್ದಲ್ಲ ಮಾರಾಯ, ಭಾರ ಹೆಚ್ಚಾದದ್ದು’ ಎನ್ನುತ್ತ ಅವನು ಪೆನ್‌ಡ್ರೈವ್ ಸಿಕ್ಕಿಸುತ್ತಾನೆ. ಅದರಲ್ಲಿರುವುದು ಲಿನಕ್ಸ್ ಮಿಂಟ್, ಸುಮಾರು 3 ಜಿಬಿಯ ಒಂದೇ ಕಡತ. ನೆಟ್‌ವರ್ಕ್ ನೆಟ್ಟಗಿರುವ ರಾತ್ರಿ ನೋಡಿ ಇಳಿಸಿಟ್ಟುಕೊಂಡದ್ದು. ಯಂತ್ರ ಆನ್ ಆಗುವಾಗ ಸರಿಯಾದ ಗುಂಡಿ ಒತ್ತಿ ಪೆನ್‌ಡ್ರೈವನ್ನು ಆರಿಸಿದರೆ ಇಡೀ ಕಾರ್ಯಾಚರಣೆ ವ್ಯವಸ್ಥೆ ಅದರಿಂದಲೇ ಏಳುತ್ತದೆ. ಒಳಗಿನ ಡಿಸ್ಕನ್ನು ಮುಟ್ಟುವುದೇ ಇಲ್ಲ. ವೈಫೈ ಹಿಡಿಯಿತೇ, ಧ್ವನಿ ಬಂತೇ ಎಂದು ನೋಡಿ, ಮನಸ್ಸಿಗೆ ಬಂದರೆ ಮಾತ್ರ ಇನ್‌ಸ್ಟಾಲ್. 2 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತದೆ, 4 ಇದ್ದರೆ ಸಲೀಸು. ಹಳೆಯ ಫೋಟೊ, ಕಡತಗಳನ್ನು ಮೊದಲೇ ಬೇರೆಡೆ ನಕಲು ಮಾಡಿಕೊಳ್ಳಬೇಕು. ಆ ಒಂದು ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಸಾಕಷ್ಟು ಹೊಸ ಪ್ರೊಸೆಸರೂ ಇರಬೇಕು. ಓಡುವ ಸ್ಥಿತಿಯಲ್ಲಿರುವ ಎಷ್ಟೋ ಯಂತ್ರಗಳು ಹೀಗೆ ಕಾಗದದ ಮೇಲೆ ಮುದಿಯಾದವು. ಅವಕ್ಕೆ ಮರುಜನ್ಮ ಕೊಡುವುದು ನನ್ನ ಗೆಳೆಯನಿಗೆ ಕಸುಬಲ್ಲ, ಖುಷಿ. ಒಂದು ದಿನ ಎಕ್ಸ್‌ಎಫ್‌ಸಿಇ, ಮರುದಿನ ಕೆಡಿಇ ಪ್ಲಾಸ್ಮಾ ಎಂದು ಪರದೆಯ ಚಹರೆಯನ್ನೇ ಬದಲಿಸುತ್ತಾನೆ. ಟರ್ಮಿನಲ್ ತೆರೆದು ಏನನ್ನೋ ಕೆಡಿಸಿ, ಕೆಟ್ಟದ್ದೆಲ್ಲಿ ಎಂದು ಹುಡುಕಿ, ಮತ್ತೆ ಸರಿಪಡಿಸುತ್ತಾನೆ. ಮುಚ್ಚಿಟ್ಟದ್ದು ಏನೂ ಇಲ್ಲದ ಯಂತ್ರದಲ್ಲಿ ಮಾತ್ರ ಈ ಸುಖ ಸಿಗುತ್ತದೆ.

ಆದರೆ ನಾನು ಗುಡ್ಡ ಹತ್ತಿದ್ದು ಅವನ ಬೆರಳುಗಳನ್ನು ನೋಡಲಿಕ್ಕೆ. ಅವನು ಲಿನಕ್ಸಿನಲ್ಲಿ ಕನ್ನಡ ಟೈಪಿಸುವ ವೇಗ ಕಂಡವರಿಗೇ ಗೊತ್ತು. ಐಬಸ್ ಎಂಬ ಸಾಧನದಲ್ಲಿ ಕನ್ನಡದ ‘ಕೆಜಿಪಿ’ ವಿನ್ಯಾಸ ಆರಿಸಿಕೊಂಡರೆ ಮಾಮೂಲಿ ಇಂಗ್ಲಿಷ್ ಕೀಲಿಮಣೆಯೇ ಕನ್ನಡವಾಗುತ್ತದೆ. ‘ಗೋಕರ್ಣ’ ಬರೆಯಲು ಜಿ, ಶಿಫ್ಟ್ ಒತ್ತಿ ಓ, ಕೆ, ಆರ್, ಎಫ್, ಶಿಫ್ಟ್ ಒತ್ತಿ ಎನ್: ಆರು ಕೀಲಿ. ವ್ಯಂಜನ ಒತ್ತಿದ ಮೇಲೆ ಸ್ವರ ಒತ್ತಿದರೆ ಕಾಗುಣಿತ. ಎರಡು ವ್ಯಂಜನಗಳ ನಡುವೆ ಎಫ್ ಬಂದರೆ ಒತ್ತಕ್ಷರ. ಅರ್ಕಾವತ್ತು ಎಲ್ಲಿ ಕೂರಬೇಕೆಂಬ ಚಿಂತೆ ಟೈಪಿಸುವವರಿಗಿಲ್ಲ, ಅದನ್ನು ಯಂತ್ರ ನೋಡಿಕೊಳ್ಳುತ್ತದೆ.

ಈ ವಿನ್ಯಾಸದ ಹಿಂದಿರುವವರು ಕೆ.ಪಿ. ರಾವ್. ಕಿನ್ನಿಕಂಬಳ ಪದ್ಮನಾಭ ರಾವ್ ಕರಾವಳಿಯವರೇ, ಹುಟ್ಟಿದ್ದು 1940ರಲ್ಲಿ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದು, ಮುಂದೆ ಮುದ್ರಣದ ತಂತ್ರಜ್ಞಾನದತ್ತ ಹೊರಳಿದರು. ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಅಕ್ಷರದ ಆಕಾರವನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು: ತಲೆಕಟ್ಟು ಬೇರೆ, ಒತ್ತು ಬೇರೆ. ರಾಯರು ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿದರು. ನಾಲಿಗೆ ನುಡಿಯುವ ಕ್ರಮದಲ್ಲೇ ಬೆರಳು ಒತ್ತಬೇಕು, ರೂಪ ಕೊಡುವುದು ಯಂತ್ರದ ಪಾಲು. 26 ಕೀಲಿ, ಶಿಫ್ಟ್ ಸೇರಿದರೆ 52 ಜಾಗ. ಇಡೀ ವರ್ಣಮಾಲೆ ಅಷ್ಟರಲ್ಲಿ ಅಡಗಿತು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶ ರೂಪಿಸಿ ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತಿನ (‘ಕೆಜಿಪಿ’ ಎಂದರೆ ಇದೇ) ‘ನುಡಿ’ ತಂತ್ರಾಂಶಕ್ಕೂ ಇದೇ ವಿನ್ಯಾಸ ಆಧಾರವಾಯಿತು, ಸರ್ಕಾರವೂ ಇದನ್ನು ಪ್ರಮಾಣಿತವೆಂದು ಒಪ್ಪಿತು. ಬೇಲಿ ಹಾಕದೆ ಬಿಟ್ಟದ್ದರಿಂದಲೇ ಇದು ಲಿನಕ್ಸಿಗೂ ಸರಾಗವಾಗಿ ಬಂತು.

ಇನ್ನು ಲಿನಕ್ಸಿನ ಕಥೆ. ಎಲ್ಲರೂ ಮುಕ್ತವಾಗಿ ಬಳಸಿ ಬದಲಿಸಬಹುದಾದ ವ್ಯವಸ್ಥೆಗಾಗಿ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್, ಅಂದರೆ ಲಿನಕ್ಸ್, ಬರೆದರು. ನಮ್ಮಲ್ಲಿ 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಹಂಚಿತು. ಅದರ ಹಿಂದಿದ್ದ ಅತುಲ್ ಚಿಟ್ನಿಸ್ ಬೆಂಗಳೂರಿನಲ್ಲಿ ಮುಂದೆ ‘ಫಾಸ್ ಡಾಟ್ ಇನ್’ ಎಂದು ಹೆಸರಾದ ಮುಕ್ತ ತಂತ್ರಾಂಶ ಸಮಾವೇಶವನ್ನು ಕಟ್ಟಿ ಬೆಳೆಸಿದರು, 2013ರಲ್ಲಿ ತೀರಿಕೊಂಡರು. ಐಐಎಸ್‌ಸಿಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಅಂಗೈ ಯಂತ್ರ ಸಿಂಪ್ಯೂಟರ್ ಓಡುತ್ತಿದ್ದುದೂ ಲಿನಕ್ಸಿನಲ್ಲೇ. ಡೆಬಿಯನ್ ಎಂಬ ಲಿನಕ್ಸಿನಲ್ಲಿ, 2011ರಲ್ಲಿ ಬಂದ ಅದರ 6ನೇ ಆವೃತ್ತಿಯಿಂದ, ಇನ್‌ಸ್ಟಾಲ್ ಮಾಡುವ ಹಂತದಲ್ಲೇ ಕನ್ನಡ ಆರಿಸಿಕೊಳ್ಳಬಹುದು. ಅರವಿಂದ ವಿ.ಕೆ. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟುಗಳನ್ನು ಕೊಟ್ಟರು. ‘ಲಿನಕ್ಸಾಯಣ’ ಲೇಖನಮಾಲೆಯಲ್ಲಿ ಓಂಶಿವಪ್ರಕಾಶ್ ಲಿನಕ್ಸ್ ಬಳಕೆಯನ್ನು ಕನ್ನಡದಲ್ಲೇ ತಿಳಿಹೇಳಿದರು.

ತೊಡಕುಗಳೂ ಇವೆ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಬರೆದಿಟ್ಟ ಕಡತವನ್ನು ಲಿಬ್ರೆ ಆಫೀಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕದ ಮೂಲಕ ಹಾಯಿಸಿದರೆ ಕನ್ನಡ ಮರಳುತ್ತದೆ, ಆದರೆ ಆ ದಾರಿ ಗೊತ್ತಿಲ್ಲದ ಎಷ್ಟೋ ಮಂದಿ ಲಿನಕ್ಸ್ ಕನ್ನಡಕ್ಕಾಗದು ಎಂದು ಕೈಬಿಟ್ಟಿದ್ದಾರೆ. ಅದಕ್ಕಿಂತ ಹೆಚ್ಚು ನೋಯಿಸುವುದು ಅರ್ಧಕ್ಕೆ ನಿಂತ ಅನುವಾದ. ಗೆಳೆಯನ ಪರದೆಯ ಮೆನುವಿನಲ್ಲಿ ‘ಕಡತ’, ‘ಸಂಪಾದನೆ’ ಕನ್ನಡದಲ್ಲಿವೆ. ಅದೇ ಪಟ್ಟಿಗೆ ಈಚೆಗೆ ಸೇರಿದ ಸಾಲುಗಳು ಇಂಗ್ಲಿಷಿನಲ್ಲೇ ಉಳಿದಿವೆ. ಹಿಂದೊಮ್ಮೆ ಬಿಡುವಿನ ವೇಳೆಯಲ್ಲಿ ಕೂತು ಅನುವಾದಿಸಿದ ಕೆಲವೇ ಕೈಗಳು ನೌಕರಿ, ಸಂಸಾರದಲ್ಲಿ ಕರಗಿಹೋಗಿವೆ. ಅವರ ಜಾಗಕ್ಕೆ ಬರುವವರು ಕಡಿಮೆ.

ಈ ತೀರದ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ಮಕ್ಕಳಿದ್ದಾರೆ, ಒಳ್ಳೆಯ ಕನ್ನಡವೂ ಅವರಿಗೆ ಬರುತ್ತದೆ. ಒಂದು ಮೆನುವಿನ ನಾಲ್ಕು ಸಾಲು ಕನ್ನಡಕ್ಕೆ ತರಲು ಹಣ ಬೇಡ, ದೊಡ್ಡ ಊರು ಬೇಡ. ಮಳೆಗಾಲದ ಒಂದು ಮಧ್ಯಾಹ್ನ ಸಾಕು. ಬಳಸುವವರಿಲ್ಲವೆಂದು ಅನುವಾದ ನಿಲ್ಲುತ್ತದೆ, ಅನುವಾದವಿಲ್ಲವೆಂದು ಬಳಸುವವರು ಇಂಗ್ಲಿಷಿಗೆ ಹೊರಳುತ್ತಾರೆ. ಕನ್ನಡಕ್ಕೆ ಕೀಲಿಮಣೆಯೇ ನೆಟ್ಟಗಿರದ ಕಾಲದಲ್ಲಿ ರಾಯರಂಥವರು ಯಾರ ಬೇಡಿಕೆಗೂ ಕಾಯದೆ ಕೆಲಸಕ್ಕೆ ಕೂತಿದ್ದರು. ಇಂದು ಎಲ್ಲ ಸಲಕರಣೆಯೂ ಕೈಗೆಟುಕುವಲ್ಲಿದೆ, ಕೂರುವವರಿಗಾಗಿಯೇ ಕಾಯಬೇಕಾಗಿದೆ.