ಕೆರೆಯ ನಾಡಿ ಹಿಡಿಯೋರು ಯಾರು?

ಕೋಲಾರದ ಸೀಮೆಯಲ್ಲಿ ಬಸ್ಸಿನಲ್ಲಿ ಓಡಾಡೋರಿಗೆ ಕೆರೆ ಏರಿ ಹೊಸದಲ್ಲ. ಎಷ್ಟೋ ಊರಿಗೆ ಏರಿಯೇ ರಸ್ತೆ. ಒಂದೊಂದು ದಿನ ಬಸ್ಸು ಏರಿ ಹತ್ತಿದ ಕೂಡಲೇ ಗಬ್ಬು ವಾಸನೆ ಹೊಡೆಯುತ್ತೆ. ಕಿಟಕಿ ಪಕ್ಕದವರು ಗಾಜು ಎಳೀತಾರೆ, ಉಳಿದವರು ಕರ್ಚೀಫು ಮೂಗಿಗೆ ಒತ್ತಿಕೊಳ್ತಾರೆ. ಏರಿ ಇಳಿದರೆ ಮುಗೀತು, ಮಾತು ಟೊಮ್ಯಾಟೊ ರೇಟಿಗೆ ತಿರುಗುತ್ತೆ. ಐವತ್ತು ಮೂಗು ಹೇಳಿದ ಸಾಕ್ಷಿ ಯಾವ ಕಾಗದದಲ್ಲೂ ದಾಖಲಾಗೋದಿಲ್ಲ.

ಈ ಮಾತು ಯಾಕೆ ಬಂತು ಅಂದರೆ, ಇಲ್ಲಿನ ಕೆರೆಗಳಿಗೆ ಈಗ ಬರೋದು ಬರೀ ಮಳೆ ನೀರಲ್ಲ. ವರ್ಷವಿಡೀ ಹರಿಯೋ ಹೊಳೆ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿ ಕೊರೆಸಿದರೂ ಬೋರಿನಲ್ಲಿ ಧೂಳು ಹಾರುತ್ತಿದ್ದ ಕಾಲದಲ್ಲಿ, 2018ರ ಜೂನ್‌ನಲ್ಲಿ, ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆ ತುಂಬಿಸೋದು ಯೋಜನೆಯ ಗುರಿ. ಜುಲೈನಲ್ಲೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ತೆರವಾಯಿತು. 2019ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಅದೇ ತಡೆ, ಅದೇ ತೆರವು.

ನೀರು ಬಂದ ಕಡೆ ಬೋರ್‌ವೆಲ್‌ಗಳಿಗೆ ಜೀವ ಬಂದದ್ದು ಸುಳ್ಳಲ್ಲ. ಎರಡೇ ಹಂತ ಸಾಲದು, ಮೂರನೆಯ ಹಂತದ ಶುದ್ಧೀಕರಣವೂ ಆಗಲಿ ಎಂಬ ಕೂಗೂ ಸುಳ್ಳಲ್ಲ. ಟೀ ಅಂಗಡಿಯಲ್ಲಿ ಒಬ್ಬರು ‘ನೀರಿಲ್ಲದೆ ಸಾಯ್ತಿದ್ವಲ್ಲ ಸ್ವಾಮಿ’ ಅಂತಾರೆ, ಇನ್ನೊಬ್ಬರು ‘ವಿಷ ಬಿಟ್ಟಿದ್ದಾರೆ ಕಣ್ರೀ’ ಅಂತಾರೆ. ಟೀ ಮುಗಿಯುತ್ತೆ, ಜಗಳ ಮುಗಿಯೋದಿಲ್ಲ. ಕಾರಣ ಇಷ್ಟೇ, ಇಬ್ಬರ ಕೈಯಲ್ಲೂ ಅಳತೆ ಇಲ್ಲ.

‘ಅಳೆಯೋಕೆ ಸರ್ಕಾರ ಇಲ್ವಾ?’ ಅಂತ ಕೇಳ್ತೀರಿ. ಇದೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಗಮನವಿಟ್ಟು ಕೇಳಿ.

ಮಧ್ಯಾಹ್ನ ಪಾಸು, ಬೆಳಗಿನ ಜಾವ ಫೇಲು

ಕೊಳಚೆಯ ಸಾರ ಹೆಚ್ಚಾದ ಕೆರೆ ಪಾಚಿ ಕಟ್ಟಿ ಹಸಿರಾಗುತ್ತೆ. ಪಾಚಿ ಹಗಲು ಹೊತ್ತು ಬಿಸಿಲಿನಲ್ಲಿ ನೀರಿಗೆ ಆಮ್ಲಜನಕ ಬಿಡುತ್ತೆ. ರಾತ್ರಿ ಅದೇ ಪಾಚಿ ಆಮ್ಲಜನಕ ಎಳೆದುಕೊಳ್ಳುತ್ತೆ. ಬೆಳಕು ಹರಿಯೋ ಮುಂಚೆ ನೀರಿನಲ್ಲಿ ಉಸಿರೇ ಉಳಿದಿರೋದಿಲ್ಲ. ಮೀನು ಮೇಲೆ ಬಂದು ಬಾಯಿ ಬಡೀತವೆ, ತಡೆಯಲಾರದವು ಸಾಯ್ತವೆ. ಮೀನಿಗೆ ಬೇಕಾದ ನೀರೆಂದರೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಅನ್ನೋದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ.

ಈಗ ಯೋಚನೆ ಮಾಡಿ. ದೂರದಿಂದ ಜೀಪಿನಲ್ಲಿ ಬರೋರು ಏರಿ ಮೇಲೆ ನಿಲ್ಲೋ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತೆ. ಆಗ ಬಾಟಲಿ ತುಂಬಿದರೆ ಕೆರೆ ಪಾಸು! ಅದೇ ಕೆರೆ ಬೆಳಗಿನ ಜಾವ ಐದಕ್ಕೆ ಫೇಲಾಗಿದ್ದನ್ನು ಕಂಡೋರು ಯಾರು? ಹಾಲು ಹಾಕೋಕೆ ಡೇರಿಗೆ ಹೊರಟವರು, ಮೊದಲ ಬಸ್ಸಿಗೆ ನಿಂತವರು, ಮೀನು ಹಿಡಿಯೋರು. ಆದ್ದರಿಂದ ಕೆರೆಯ ನಾಡಿ ಹಿಡಿಯೋ ಕೆಲಸ ಊರವರದ್ದೇ.

ಬೇಕಾದದ್ದು ಒಂದು ನೋಟ್‌ಬುಕ್ಕು

ದೊಡ್ಡ ಖರ್ಚೇನಿಲ್ಲ. ಸ್ಟೀಲ್ ತಟ್ಟೆಗೆ ಅರ್ಧ ಕಪ್ಪು, ಅರ್ಧ ಬಿಳಿ ಬಣ್ಣ ಬಳಿದು, ಗೇಣಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಟ್ಟಿ ಇಳಿಬಿಡಿ. ಎಷ್ಟನೇ ಗಂಟಿಗೆ ತಟ್ಟೆ ಕಣ್ಣಿಗೆ ಮರೆಯಾಯಿತು, ಬರೆದಿಡಿ. 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಪಾದ್ರಿ ಮಾಡಿದ ಉಪಾಯ ಇದು, ಇವತ್ತಿಗೂ ವಿಜ್ಞಾನಿಗಳು ಬಿಟ್ಟಿಲ್ಲ. ಗಂಟು ಕಮ್ಮಿಯಾಗುತ್ತಾ ಬಂದರೆ ನೀರು ಕೆಡ್ತಿದೆ ಅಂತ ಅನುಮಾನಿಸಿ. ಮಳೆ ಬಂದ ಮಾರನೇ ದಿನ ಕೆಸರಿಗೂ ತಟ್ಟೆ ಮರೆಯಾಗುತ್ತೆ, ಅದಕ್ಕೆ ಮಳೆಯನ್ನೂ ಬರೀರಿ. ನೀರಿನ ಬಣ್ಣ, ವಾಸನೆ, ತೂಬು ಕೋಡಿ ಹತ್ತಿರ ನೊರೆ ಇತ್ತೇ, ಮೀನು ಸತ್ತಿತ್ತೇ, ತಾರೀಖು, ಗಂಟೆ. ಮೊಬೈಲಿನಲ್ಲಿ ಒಂದು ಫೋಟೋ. ವಾರಕ್ಕೊಂದು ದಿನ, ಅದೇ ಜಾಗ, ಅದೇ ಹೊತ್ತು. ಇಬ್ಬರು ಹೋಗಿ, ಬಂದು ಸೋಪು ಹಾಕಿ ಕೈ ತೊಳೀರಿ.

ಕುಡಿಯೋ ನೀರಿಗೆ ಇನ್ನೊಂದು ದಾರಿ ಇದೆ. 2019ರ ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಊರಲ್ಲೂ ಐದು ಮಂದಿ ಹೆಂಗಸರಿಗೆ ಪರೀಕ್ಷಾ ಕಿಟ್ ಬಳಸೋದು ಕಲಿಸಬೇಕು ಅಂತಿದೆ. ನಿಮ್ಮೂರಿನ ಆ ಐವರು ಯಾರು ಅಂತ ಪಂಚಾಯ್ತಿಯಲ್ಲಿ ಕೇಳಿ. ಕೆರೆ ಪಕ್ಕದ ಬೋರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ದಾಟಿದರೆ, ಫ್ಲೋರೈಡು ಒಂದೂವರೆ ದಾಟಿದರೆ ಕುಡಿಯೋ ಹಾಗಿಲ್ಲ.

ಒಂದು ಮಾತು ನೆನಪಿರಲಿ. ಸೀಸ, ಪಾದರಸದಂಥ ಲೋಹ ನಿಮ್ಮ ತಟ್ಟೆಗೂ ಕಾಣೋದಿಲ್ಲ, ಮೂಗಿಗೂ ತಾಗೋದಿಲ್ಲ, ಅದಕ್ಕೆ ಲ್ಯಾಬೇ ಬೇಕು. ನೀವು ತುಂಬಿದ ಬಾಟಲಿ ಕೋರ್ಟಿನಲ್ಲಿ ನಿಲ್ಲೋದೂ ಕಷ್ಟ. 1974ರ ಜಲ ಮಾಲಿನ್ಯ ಕಾಯ್ದೆಯ ಪ್ರಕಾರ ಮಂಡಳಿಯವರೇ ಕ್ರಮಬದ್ಧವಾಗಿ ಮಾದರಿ ತೆಗೀಬೇಕು. ಹಾಗಾದರೆ ನೋಟ್‌ಬುಕ್ಕು ಯಾಕೆ? ‘ಇಂಥ ಕೆರೆಯಲ್ಲಿ ನಾಲ್ಕು ವಾರದಿಂದ ಬೆಳಗಿನ ಜಾವ ಹೀಗಾಗ್ತಿದೆ, ಆ ಹೊತ್ತಿಗೇ ಬನ್ನಿ’ ಅಂತ ಬರೆದು ಕೇಳಿದ ಊರಿಗೆ ‘ನಾವು ಬಂದಾಗ ಏನೂ ಕಾಣಲಿಲ್ಲವಲ್ಲ’ ಅಂತ ಉತ್ತರ ಕೊಟ್ಟು ಸಾಗಹಾಕೋದು ಸುಲಭವಲ್ಲ.

ಹಿಂದೆ ಈ ಸೀಮೆಯ ಊರೂರಲ್ಲೂ ನೀರುಗಂಟಿ ಇದ್ದ. ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಅನ್ನೋದು ಅವನ ಲೆಕ್ಕ. ಅದಕ್ಕೆ ಪ್ರತಿಯಾಗಿ ಊರು ಅವನಿಗೆ ಕಾಳು ಅಳೆದು ಕೊಡ್ತಿತ್ತು. ಅವನ ಕಾಲದಲ್ಲಿ ‘ಎಷ್ಟು ನೀರು’ ಅನ್ನೋದೇ ದೊಡ್ಡ ಪ್ರಶ್ನೆ. ಈಗ ‘ಎಂಥಾ ನೀರು’ ಅಂತಲೂ ಕೇಳಬೇಕಾಗಿದೆ. ಆ ಪ್ರಶ್ನೆಗೆ ಇನ್ನೂ ನೀರುಗಂಟಿ ನೇಮಕ ಆಗಿಲ್ಲ.

ಅಂಗಡಿ ಯಜಮಾನ್ರೇ, ಉದ್ರಿ ಲೆಕ್ಕ ಬರೆಯೋ ಪುಸ್ತಕದ ಪಕ್ಕದಲ್ಲಿ ಒಂದು ಕೆರೆ ಪುಸ್ತಕ ಇಡಿ. ಊರವರು ಸಾಮಾನಿಗೆ ಬಂದಾಗ ಕಂಡದ್ದನ್ನು ಬರೆಸಲಿ. ಬಸ್ಸಿನವರೇ, ಮುಂದಿನ ಸಲ ಏರಿ ಮೇಲೆ ಮೂಗು ಮುಚ್ಚಿಕೊಂಡಾಗ ಇನ್ನೊಂದು ಕೈಯಲ್ಲಿ ಗಡಿಯಾರ ನೋಡಿಕೊಳ್ಳಿ. ಇಳಿದ ಮೇಲೆ ಆ ಅಂಗಡಿಗೆ ಹೋಗಿ ಒಂದು ಸಾಲು ಬರೆಸಿ.