ಉತ್ತರ ಸಿಕ್ಕರೆ ಸಾಲದು, ಕಾರಣ ಬೇಕು

'ನಾಟಕ ಮಲಗಿದರೂ ಒಳಗೊಂದು ಹೂ.' ಮೂರಕ್ಷರದ ಪದ, ಏನಿರಬಹುದು? ನಾಟಕದವರ ಕಷ್ಟಸುಖ ಯೋಚಿಸುತ್ತ ಕುಳಿತರೆ ಉತ್ತರ ಸಿಗದು. ಮೊದಲೆರಡು ಪದಗಳ ಅಕ್ಷರಗಳನ್ನು ಕೂಡಿಸಿ ಓದಿ. ನಡುವೆ 'ಕಮಲ' ಅಡಗಿದೆ!

ಇಂಗ್ಲಿಷ್ ದಿನಪತ್ರಿಕೆಗಳ ಕ್ರಿಪ್ಟಿಕ್ ಪದಬಂಧದ ಗುಟ್ಟೂ ಇದೇ. ಸುಳಿವಿನ ಒಂದು ತುದಿಯಲ್ಲಿ ಪದದ ಅರ್ಥ. ಉಳಿದದ್ದು ಅಕ್ಷರಗಳನ್ನು ಅಡಗಿಸುವ, ತಿರುಗಿಸುವ, ಕಲಸುವ ಆಟ.

1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಪ್ರಕಟಿಸಿದ್ದು ಸರಳ ಪದಬಂಧ. ಅದಕ್ಕೆ ಒಗಟಿನ ರೂಪ ಬಂದದ್ದು 1920ರ ದಶಕದ ಬ್ರಿಟನ್ನಿನಲ್ಲಿ. 1942ರ ಜನವರಿಯಲ್ಲಿ ಲಂಡನ್ನಿನ 'ಡೇಲಿ ಟೆಲಿಗ್ರಾಫ್' ಪತ್ರಿಕೆ 12 ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ನಡೆಸಿತು. ಭಾಗವಹಿಸಿದ ಕೆಲವರಿಗೆ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಗುಪ್ತಲಿಪಿ ಬಿಡಿಸುವ ಕೆಲಸಕ್ಕೆ ಕರೆ ಬಂತು.

ವಿದ್ಯಾರ್ಥಿಗಳಿಗೆ ಹೆಚ್ಚಿನ ಲಾಭವಿರುವುದು ಮನೆಗಳನ್ನು ತುಂಬುವುದರಲ್ಲಲ್ಲ, ಮರುದಿನ ಉತ್ತರ ನೋಡುವುದರಲ್ಲಿ. ಬಾರದ ಸುಳಿವನ್ನು ಮತ್ತೆ ಓದಿ. ಅರ್ಥ ಎಲ್ಲಿತ್ತು, ಆಟ ಎಲ್ಲಿತ್ತು, ಯಾವ ಪದ ದಾರಿ ತಪ್ಪಿಸಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಉತ್ತರ ಸರಿಯಿದ್ದೂ ಕಾರಣ ಹೇಳಲಾಗದಿದ್ದರೆ ಅದು ಬರೀ ಊಹೆ. ಗಣಿತದ ಲೆಕ್ಕಕ್ಕೂ ಈ ಮಾತು ಸಲ್ಲುತ್ತದೆ. ಪುಸ್ತಕದ ಕೊನೆಯಲ್ಲಿರುವ ಉತ್ತರಕ್ಕೆ ತಾಳೆಯಾಯಿತೆಂದು ಪುಟ ಮಗುಚುವ ಹುಡುಗ, ಪರೀಕ್ಷೆಯಲ್ಲಿ ಅಂಕಿ ಬದಲಾದರೆ ತಡವರಿಸುತ್ತಾನೆ.

ತಂದೆತಾಯಂದಿರಿಗೆ ಉತ್ತರ ಹೇಳಿಕೊಡುವ ಆತುರ ಬೇಡ. ಪಕ್ಕದಲ್ಲಿ ಕುಳಿತು, 'ಅದು ಹೇಗೆ ಬಂತು?' ಎಂದು ಕೇಳಿದರೆ ಸಾಕು. ದಿನಕ್ಕೆ ಎರಡೇ ಸುಳಿವಾದರೂ ಆದೀತು.

ಇವತ್ತಿಗೆ ಒಂದು: 'ಹಿಂದಿರುಗಿದ ರಸ ಕೊರಳಿಗೆ ಒಡವೆ.' ಎರಡಕ್ಷರ. ಉತ್ತರದ ಜೊತೆಗೆ ಕಾರಣವನ್ನೂ ಮಕ್ಕಳೇ ಹೇಳಲಿ.