ಹೇಳಲಾರದ ಕೂಸಿನ ಜ್ವರ

ಎಂಟು ತಿಂಗಳ ಕೂಸಿಗೆ ಎರಡು ದಿನಗಳಿಂದ ಜ್ವರ. ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯೂ ಇಲ್ಲ. ಹಾಲು ಕುಡಿದರೆ ಕಕ್ಕಿಬಿಡುತ್ತದೆ. ಹಲ್ಲು ಬರುವ ಸಂಕಟವೆಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ದೊಡ್ಡವರಾಗಿದ್ದರೆ ಮೂತ್ರ ವಿಸರ್ಜಿಸುವಾಗ ಉರಿಯಾಗುತ್ತದೆಂದು ಹೇಳಿಯಾರು. ಕೂಸಿಗೆ ಆ ಮಾತಿಲ್ಲ. ಕಾರಣ ಕಾಣದ ಇಂತಹ ಜ್ವರದ ಹಿಂದೆ ಕೆಲವು ವೇಳೆ ಮೂತ್ರಾಂಗಗಳ ಸೋಂಕು ಅಡಗಿರುತ್ತದೆ.

ಈ ಸೋಂಕನ್ನು ಉಂಟುಮಾಡತಕ್ಕ ಬ್ಯಾಕ್ಟೀರಿಯ ದೂರದಿಂದ ಬಂದುದಲ್ಲ. ಬಹುಮಟ್ಟಿಗೆ ಅದು ನಮ್ಮೆಲ್ಲರ ಕರುಳಿನಲ್ಲಿ ವಾಸಿಸುವ ಎಷರಿಕಿಯ ಕೋಲೈ. ಶಿಶುವೈದ್ಯನಾದ ಥಿಯೊಡೋರ್ ಎಷರಿಕ್ 1885ರಲ್ಲಿ ಇದನ್ನು ಶಿಶುಗಳ ಮಲದಲ್ಲಿ ಗುರುತಿಸಿ ವರ್ಣಿಸಿದನು. ಮಕ್ಕಳ ಮೂತ್ರಕೋಶದ ಉರಿಯೂತಕ್ಕೂ ಇದು ಕಾರಣವಾಗುವುದೆಂದು 1894ರಲ್ಲಿ ತೋರಿಸಿದನು. ಕರುಳಿನಲ್ಲಿ ಸಾಧುವಾಗಿರುವುದೇ ಮೂತ್ರಮಾರ್ಗವನ್ನು ಹೊಕ್ಕಾಗ ಶತ್ರುವಾಗುತ್ತದೆ. ಮೂತ್ರದ ಹರಿವು ಅದನ್ನು ಕೊಚ್ಚಿಕೊಂಡು ಹೋಗಬಾರದೇ ಎಂದು ವಾಚಕರು ಕೇಳಬಹುದು. ಹೋಗುವುದೂ ಉಂಟು. ಆದರೆ ಕೆಲವು ತಳಿಗಳ ಮೈಮೇಲೆ ಅತಿಸೂಕ್ಷ್ಮವಾದ ಎಳೆಗಳಿದ್ದು, ಅವುಗಳ ಬಲದಿಂದ ಒಳಪೊರೆಗೆ ಅಂಟಿಕೊಂಡುಬಿಡುತ್ತವೆ. ಹುಟ್ಟಿದ ಮೊದಲ ಕೆಲವು ತಿಂಗಳು ಈ ರೋಗ ಗಂಡು ಶಿಶುಗಳಲ್ಲಿ ಹೆಚ್ಚು, ಅನಂತರ ಹೆಣ್ಣುಮಕ್ಕಳಲ್ಲಿ. ಅವರಲ್ಲಿ ಮೂತ್ರ ಹೊರಬೀಳುವ ಮಾರ್ಗ ಗಿಡ್ಡ.

ಸೋಂಕು ಮೂತ್ರಕೋಶದಲ್ಲಿಯೇ ನಿಂತರೆ ಭಯ ಕಡಿಮೆ. ಮೂತ್ರಪಿಂಡದಿಂದ ಇಳಿದುಬರುವ ನಾಳವು ಕೋಶದ ಗೋಡೆಯನ್ನು ಓರೆಯಾಗಿ ತೂರಿ ಒಳಸೇರುತ್ತದೆ. ಕೋಶ ತುಂಬಿದಾಗ ಆ ಓರೆಭಾಗ ಅದುಮಿಕೊಂಡು ಮುಚ್ಚುತ್ತದೆ. ಬಾಗಿಲಿಗೆ ಬೇರೆ ಚಿಲಕವೇ ಬೇಡ! ಕೆಲವು ಮಕ್ಕಳಲ್ಲಿ ಈ ಓರೆಭಾಗ ಸಾಲದೆ ಮೂತ್ರವು ಹಿಮ್ಮುಖವಾಗಿ ಏರುತ್ತದೆ. ಬೆಳೆದಂತೆ ಅನೇಕರಲ್ಲಿ ಇದು ತಾನಾಗಿಯೇ ಸರಿಹೋಗುವುದು. ಅಷ್ಟರೊಳಗೆ ಸೋಂಕು ಮತ್ತೆ ಮತ್ತೆ ಮೇಲೇರಿದರೆ ಮೂತ್ರಪಿಂಡದಲ್ಲಿ ಗಾಯದ ಕಲೆ ಉಳಿದು, ಮುಂದೆ ಅಧಿಕ ರಕ್ತದೊತ್ತಡಕ್ಕೆ ದಾರಿಯಾಗಬಹುದು.

ಆದುದರಿಂದ ಮೂತ್ರಪರೀಕ್ಷೆ ಅಗತ್ಯ. ಆದರೆ ಇಲ್ಲೊಂದು ಅವಿವೇಕ ನಡೆಯುವುದುಂಟು: ಹಿಂದಿನ ಸಲ ಸೀಸೆಯಲ್ಲಿ ಉಳಿದ ಆಂಟಿಬಯೋಟಿಕ್ ಔಷಧವನ್ನು ಮನೆಯಲ್ಲೇ ಕುಡಿಸಿ, ಮಾರನೆಯ ದಿನ ಪರೀಕ್ಷೆಗೆ ಹೋಗುವುದು. ಅರೆಸತ್ತ ಬ್ಯಾಕ್ಟೀರಿಯ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯದಿರಬಹುದು; ಅದು ಯಾವುದು, ಯಾವ ಔಷಧಕ್ಕೆ ಮಣಿಯುವುದು ಎಂಬ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಮಾದರಿ ಮೊದಲು, ಔಷಧ ಅನಂತರ. ಕೂಸಿನ ಸ್ಥಿತಿ ಕಳವಳಕಾರಿಯಾಗಿದ್ದರೆ ವೈದ್ಯರು ಮಾದರಿ ತೆಗೆದೊಡನೆ, ಫಲಿತಾಂಶಕ್ಕೆ ಕಾಯದೆ, ಚಿಕಿತ್ಸೆ ಆರಂಭಿಸುವರು.

ಮಾದರಿಯನ್ನು ಹೊತ್ತುಗಟ್ಟಲೆ ಹೊರಗಿಡುವುದೂ ಸಲ್ಲದು. ಅನುಕೂಲ ಪರಿಸ್ಥಿತಿಯಲ್ಲಿ ಈ ಜೀವಿ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಎರಡು ಗಂಟೆಗಳಲ್ಲಿ ಒಂದು ಹೋಗಿ 64 ಆಗುತ್ತದೆ. ಚರ್ಮದಿಂದ ಬೆರೆತ ಅನ್ಯ ಜೀವಿಗಳೂ ಹೀಗೆ ಹೆಚ್ಚಿ ಇಲ್ಲದ ರೋಗವನ್ನು ತೋರಿಯಾವು. ಮೈಗೆ ಅಂಟಿಸಿದ ಚೀಲದಲ್ಲಿ ಹಿಡಿದ ಮೂತ್ರವನ್ನು ಇಂತಹ ಪರೀಕ್ಷೆಗೆ ನಂಬದಿರುವುದಕ್ಕೂ ಈ ಬೆರಕೆಯೇ ಕಾರಣ.

ಆದರೆ ಮೂತ್ರ ಮಾಡೆಂದರೆ ಕೂಸು ಕೇಳುವುದೇ? ಆಸ್ಟ್ರೇಲಿಯದ ವೈದ್ಯರು ಇದಕ್ಕೊಂದು ಉಪಾಯವನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ತಣ್ಣನೆಯ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿಬ್ಬೊಟ್ಟೆಯನ್ನು ಮೆಲ್ಲನೆ ಉಜ್ಜಿದಾಗ ಐದು ನಿಮಿಷಗಳೊಳಗೆ ಶೇಕಡ 31 ಶಿಶುಗಳು ಮೂತ್ರ ಮಾಡಿದವು. ಸುಮ್ಮನೆ ಕಾದಾಗ ಶೇಕಡ 12 ಮಾತ್ರ. ಬಟ್ಟಲು ಹಿಡಿದು ಸಿದ್ಧವಾಗಿರಬೇಕು, ಅಷ್ಟೆ.